ಕೋರ್ಟಿನ ಮುಂದೆ ನಿಂತ ಸೈನಿಕ ಯಾವ ಕಡೆಯವನು? ಕೆಂಟಕಿಗೆ ಬರುವವರಿಗೆ

ಕೆಲಸದ ಮೇಲೆ ಕುಟುಂಬ ಸಮೇತ ಕೆಂಟಕಿಗೆ ಬರುತ್ತಿದ್ದೀರಿ. ಇಲ್ಲಿನ ಊರುಗಳ ಕೋರ್ಟಿನ ಮುಂದಿರುವ ಅಂತರ್ಯುದ್ಧದ ಸೈನಿಕರ ಪ್ರತಿಮೆಗಳು ಯಾರವು, ಮಕ್ಕಳಿಗೆ ಏನು ಹೇಳಬೇಕು, ಅಕ್ಕಪಕ್ಕದವರ ಹತ್ತಿರ ಆ ಮಾತು ಎತ್ತಬಹುದೇ ಎಂದು ಕೇಳಿದ್ದೀರಿ.

ಪ್ರತಿಮೆಗಳನ್ನು ಎಣಿಸಿ ಯುದ್ಧದ ಲೆಕ್ಕ ಹಾಕಬೇಡಿ, ತಪ್ಪುತ್ತದೆ. ಕೆಂಟಕಿಯಲ್ಲಿ ಗುಲಾಮಗಿರಿ ಇತ್ತು, ಆದರೂ ಅದು ಯೂನಿಯನ್, ಅಂದರೆ ಅಮೆರಿಕದ ಒಕ್ಕೂಟ, ಬಿಟ್ಟು ಹೋಗಲಿಲ್ಲ. 1861ರ ಮೇ ತಿಂಗಳಲ್ಲಿ ತಟಸ್ಥ ಎಂದು ಘೋಷಿಸಿಕೊಂಡಿತು. ಸೆಪ್ಟೆಂಬರಿನಲ್ಲಿ ಕಾನ್ಫೆಡರೇಟ್ ಸೇನೆ (ಒಕ್ಕೂಟದಿಂದ ಸಿಡಿದುಹೋದ ದಕ್ಷಿಣದ ರಾಜ್ಯಗಳದ್ದು) ಮಿಸಿಸಿಪಿ ದಡದ ಕೊಲಂಬಸ್ ಊರನ್ನು ಹಿಡಿದ ಮೇಲೆ ಇಲ್ಲಿನ ಶಾಸನಸಭೆ ಯೂನಿಯನ್ ಪರ ನಿಂತಿತು. ಲಿಂಕನ್ ಹುಟ್ಟಿದ್ದೂ ಇಲ್ಲೇ, ಎದುರಾಳಿ, ಕಾನ್ಫೆಡರೇಟರ ಅಧ್ಯಕ್ಷ ಜೆಫರ್ಸನ್ ಡೇವಿಸ್ ಹುಟ್ಟಿದ್ದೂ ಇಲ್ಲೇ. ಸೇನೆ ಸೇರಿದ ಕೆಂಟಕಿಯವರಲ್ಲಿ ಹೆಚ್ಚಿನವರು ಯೂನಿಯನ್ ಕಡೆಯವರು. ಪ್ರತಿಮೆಗಳಲ್ಲಿ ಮಾತ್ರ ಕಾನ್ಫೆಡರೇಟರದ್ದೇ ಮೇಲುಗೈ. ಗುಲಾಮರ ಬಿಡುಗಡೆ ಮತ್ತು ಕಪ್ಪು ಜನರ ಸೇನಾ ಭರ್ತಿಯಿಂದ ಸಿಟ್ಟಾದ ಬಿಳಿಯರು ಯುದ್ಧ ಮುಗಿದ ಮೇಲೆ ಸೋತ ಕಡೆಗೆ ವಾಲಿದರು. 1894ರಲ್ಲಿ ಹುಟ್ಟಿದ, ಕಾನ್ಫೆಡರೇಟ್ ಸೈನಿಕರ ವಂಶದ ಹೆಂಗಸರ ಸಂಘ ಯುನೈಟೆಡ್ ಡಾಟರ್ಸ್ ಆಫ್ ದಿ ಕಾನ್ಫೆಡರಸಿ ಊರೂರಲ್ಲಿ ಚಂದಾ ಎತ್ತಿ ಕಲ್ಲು ನಿಲ್ಲಿಸಿತು.

ಹಾಗಾಗಿ ನಮ್ಮ ವೀರಗಲ್ಲಿನಂತೆ ಇವನ್ನೂ ಕೆಳಗಿನಿಂದ ಮೇಲಕ್ಕೆ ಓದಿ. ಮೊದಲು ಪೀಠ: ಯಾರು ನಿಲ್ಲಿಸಿದರು, ಯಾವ ಇಸವಿ. 1861–1865 ಯುದ್ಧದ ವರ್ಷಗಳು, ಪ್ರತಿಮೆಯದ್ದಲ್ಲ. ಮೊದಲ ಸಲ ನೋಡುವವರು ಎಡವುವುದು ಇಲ್ಲೇ. ಆಮೇಲೆ ಸೊಂಟದ ಪಟ್ಟಿಯ ಬಕಲ್ ನೋಡಿ: ‘ಯು.ಎಸ್.’ ಇದ್ದರೆ ಯೂನಿಯನ್, ‘ಸಿ.ಎಸ್.’ ಇದ್ದರೆ ಕಾನ್ಫೆಡರೇಟ್. ಟೋಪಿ, ಮೀಸೆ, ನಿಂತ ಭಂಗಿ ನಂಬಬೇಡಿ. ಪ್ರತಿಮೆ ಮಾಡುವ ಕಂಪನಿಗಳು ಹೆಚ್ಚುಕಡಿಮೆ ಒಂದೇ ಸೈನಿಕನನ್ನು ಎರಡೂ ಕಡೆಗೆ ಮಾರುತ್ತಿದ್ದವು.

ಎರಡು ಊರು ತಪ್ಪದೆ ನೋಡಿ. ವ್ಯಾನ್ಸ್‌ಬರ್ಗ್‌ನ ಕೋರ್ಟಿನ ಮುಂದೆ 1884ರ ಯೂನಿಯನ್ ಸ್ಮಾರಕವಿದೆ. ಯೂನಿಯನ್‌ಗಾಗಿ ಮಾಡಿದ ಯುದ್ಧ ಸರಿ, ಎಂದೆಂದಿಗೂ ಸರಿ. ಅದರ ವಿರುದ್ಧ ಮಾಡಿದ್ದು ತಪ್ಪು, ಎಂದೆಂದಿಗೂ ತಪ್ಪು ಎಂದು ನೇರವಾಗಿ ಕೆತ್ತಿದ್ದಾರೆ. ಈ ರಾಜ್ಯದಲ್ಲಿ ಅಷ್ಟು ಖಡಾಖಂಡಿತ ಮಾತು ಕಲ್ಲಿನ ಮೇಲೆ ಸಿಗುವುದು ಅಪರೂಪ. ಮಾರ್ಗನ್‌ಟೌನ್‌ನಲ್ಲಿ 1907ರದ್ದು ಎರಡೂ ಕಡೆಯವರಿಗೆ ಸೇರಿದ್ದು. ಅದು ಕಲ್ಲಲ್ಲ, ನೀಲಿ-ಬೂದು ಬಣ್ಣದ ಸತು. ಸತುವಿನ ಪ್ರತಿಮೆ ಒಳಗೆ ಪೊಳ್ಳು, ತುಂಡು ತುಂಡು ಎರಕ ಹೊಯ್ದು ಬೆಸೆದದ್ದು. ತನ್ನ ಭಾರಕ್ಕೇ ಬುಡ ನಿಧಾನವಾಗಿ ಕುಸಿದು ಬೆಸುಗೆ ಬಿರಿಯುತ್ತದೆ. ಗಟ್ಟಿಯಾಗಲಿ ಎಂದು ಒಳಗೆ ಕಾಂಕ್ರೀಟ್ ತುಂಬಿದರೆ ನೀರು ಅಲ್ಲೇ ನಿಂತು ಬಿರುಕು ಇನ್ನೂ ಹೆಚ್ಚುತ್ತದೆ. ಮಕ್ಕಳು ಹತ್ತದಂತೆ ನೋಡಿಕೊಳ್ಳಿ.

ಸ್ಮಶಾನಗಳಲ್ಲಿ ಸರ್ಕಾರ ಕೊಟ್ಟ ಬಿಳಿ ಕಲ್ಲಿನ ತುದಿ ದುಂಡಗಿದ್ದು ಒಳಗೆ ಗುರಾಣಿ ಕೆತ್ತಿದ್ದರೆ ಯೂನಿಯನ್, ತುದಿ ಚೂಪಾಗಿದ್ದರೆ ಕಾನ್ಫೆಡರೇಟ್. ‘ಯು.ಎಸ್.ಸಿ.ಟಿ.’ ಎಂದಿದ್ದರೆ ಕಪ್ಪು ಸೈನಿಕರ ದಳ. ಅವರ ಸ್ಮಾರಕ ಹುಡುಕಲು ಕೋರ್ಟು ಬಿಟ್ಟು ಬೇರೆಡೆ ಹೋಗಬೇಕು: ಫ್ರಾಂಕ್‌ಫರ್ಟ್‌ನ ಗ್ರೀನ್ ಹಿಲ್ ಸ್ಮಶಾನದಲ್ಲಿ 1924ರ ಕಂಬವೊಂದಿದೆ, ಅದರ ಮೇಲೆ 142 ಹೆಸರು.

ಲೆಕ್ಸಿಂಗ್ಟನ್‌ನಲ್ಲಿ ಹಳೇ ಕೋರ್ಟಿನ ಬಳಿ, ಹಿಂದೆ ಗುಲಾಮರನ್ನು ಹರಾಜು ಹಾಕುತ್ತಿದ್ದ ಚೀಪ್‌ಸೈಡ್‌ನಲ್ಲಿ, ಎರಡು ಕಾನ್ಫೆಡರೇಟ್ ಪ್ರತಿಮೆಗಳಿದ್ದವು. 2017ರ ಅಕ್ಟೋಬರ್‌ನಲ್ಲಿ ತೆಗೆದು, ಆಮೇಲೆ ಸ್ಮಶಾನದಲ್ಲಿಟ್ಟರು. ರಾಜ್ಯದ ಸೇನಾ ಪರಂಪರೆ ಪಟ್ಟಿಯಲ್ಲಿರುವುದನ್ನು ಕದಲಿಸಲು ಆಯೋಗದ ಒಪ್ಪಿಗೆ ಬೇಕು. ಹಳೇ ಗೈಡ್ ಪುಸ್ತಕ ಹಿಡಿದು ಹೋದರೆ ಬರೀ ಹುಲ್ಲು ಸಿಗುತ್ತದೆ.

ಅಕ್ಕಪಕ್ಕದವರ ಹತ್ತಿರ ‘ತೆಗೀಬೇಕಾ, ಇರಬೇಕಾ’ ಅಂತ ಶುರು ಮಾಡಬೇಡಿ. ‘ನಿಮ್ಮ ಮನೆಯವರು ಯಾರಾದರೂ ಆ ಯುದ್ಧದಲ್ಲಿದ್ದರಾ?’ ಅಂತ ಕೇಳಿ. ಒಂದೇ ವಂಶದಲ್ಲಿ ಎರಡೂ ಕಡೆ ಹೋದವರು ಸಿಗುತ್ತಾರೆ. ಯುದ್ಧ ನಡೆದದ್ದು ಗುಲಾಮಗಿರಿಯ ಪ್ರಶ್ನೆಗಾಗಿಯೇ ಎಂಬುದನ್ನು ಮಾತ್ರ ಮಕ್ಕಳಿಗೆ ಮುಚ್ಚಿಡಬೇಡಿ.

ಮಕ್ಕಳನ್ನು ಮೊದಲು ಯೂನಿಯನ್ ಸೇನೆಯ ಶಿಬಿರವಾಗಿದ್ದ ಕ್ಯಾಂಪ್ ನೆಲ್ಸನ್‌ಗೆ ಕರೆದುಕೊಂಡು ಹೋಗಿ, ಲೆಕ್ಸಿಂಗ್ಟನ್‌ನ ದಕ್ಷಿಣಕ್ಕಿದೆ. ಹತ್ತು ಸಾವಿರ ಕಪ್ಪು ಸೈನಿಕರು ಯೂನಿಯನ್ ಸೇನೆ ಸೇರಿದ ಜಾಗ. 1864ರ ನವೆಂಬರ್ ಚಳಿಯಲ್ಲಿ ಅದೇ ಸೇನೆ ಅವರ ಹೆಂಡತಿ ಮಕ್ಕಳು ಸುಮಾರು 400 ಜನರನ್ನು ಹೊರಗೆ ಹಾಕಿ ಗುಡಿಸಲು ಕೆಡವಿತು. 102 ಜನ ಸತ್ತರು. ಜನ ಕೆರಳಿದ್ದರಿಂದ, 1865ರ ಮಾರ್ಚಿನಲ್ಲಿ ಸೈನಿಕರ ಹೆಂಡತಿ ಮಕ್ಕಳನ್ನು ಗುಲಾಮಗಿರಿಯಿಂದ ಬಿಡುಗಡೆ ಮಾಡುವ ಕಾಯ್ದೆ ಬಂತು.