ನವಿಲು ಅದಿರು: ಬಣ್ಣ ಬಿಡಿ, ಒಳಗೆ ನೋಡಿ

ಪ್ರಶ್ನೆ: ದಸರಾ ವಸ್ತುಪ್ರದರ್ಶನದಲ್ಲಿ ನೇರಳೆ, ನೀಲಿ ಮಿರುಗುವ ‘ನವಿಲು ಅದಿರು’ ಕೊಂಡೆ. ಅಸಲಿಯೇ? (ಕುವೆಂಪುನಗರ, ಮೈಸೂರು)

ದಸರಾ ಮುಗಿಯಿತೆಂದರೆ ಇದೇ ಪ್ರಶ್ನೆ, ಜೊತೆಗೊಂದು ಮೊಬೈಲ್ ಫೋಟೊ. ಫೋಟೊ ನೋಡಿ ಯಾರೂ ಹೇಳಲಾರರು. ಅಸಲಿ ನವಿಲು ಅದಿರು ಬೊರ್ನೈಟ್ ಎಂಬ ಖನಿಜ. ಅದರಲ್ಲಿ ಶೇ 63ರಷ್ಟು ತಾಮ್ರ. ಆ ಹೆಸರಲ್ಲಿ ಬಿಕರಿಯಾಗುವುದು ಹೆಚ್ಚಾಗಿ ಆಸಿಡ್‌ನಲ್ಲಿ ಅದ್ದಿ ಬಣ್ಣ ಬರಿಸಿದ ಚಾಲ್ಕೊಪೈರೈಟ್ ಎಂಬ ಬೇರೆ ಖನಿಜ. ತಾಮ್ರ ಶೇ 35ಕ್ಕಿಂತ ಕಡಿಮೆ. ಎರಡರಲ್ಲೂ ಬಣ್ಣವಿರುವುದು ಮೇಲಿನ ತೆಳು ಪದರದಲ್ಲಷ್ಟೇ.

ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ, ಮೂಲೆಗೆ ಸುತ್ತಿಗೆಯಿಂದ ತಟ್ಟಿ ಚೂರು ಎಬ್ಬಿಸಿ. ಒಡೆದ ಜಾಗ ಹಿತ್ತಾಳೆಯಂತೆ ಹಳದಿಯಾಗಿದ್ದರೆ ಚಾಲ್ಕೊಪೈರೈಟ್; ತಾಮ್ರಗೆಂಪು ಬೆರೆತ ಕಂದಾಗಿದ್ದರೆ ಬೊರ್ನೈಟ್. ಆಗಲೇ ನೋಡಿ. ಗಾಳಿ ತಾಗಿದ ಬೊರ್ನೈಟ್ ಬೇಗ ನೇರಳೆಗೆ ತಿರುಗುತ್ತದೆ, ಆಮೇಲೆ ಮತ್ತದೇ ಗೊಂದಲ.

ಒಡೆಯಲು ಮನಸ್ಸಿಲ್ಲವೇ? ತೂಗಿ. ಮೊದಲು ಒಣಕಲ್ಲನ್ನು ತೂಗಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ನೀರು ತುಂಬಿದ ಪಾತ್ರೆಯಿಟ್ಟು ಸೊನ್ನೆ ಮಾಡಿ. ಕಲ್ಲನ್ನು ದಾರದಲ್ಲಿ ಕಟ್ಟಿ ಪೂರ್ತಿ ಮುಳುಗಿಸಿ. ತಳಕ್ಕಾಗಲಿ ಗೋಡೆಗಾಗಲಿ ತಾಗಬಾರದು, ತಾಗಿದರೆ ಲೆಕ್ಕ ಕೆಟ್ಟಿತು. ಒಣತೂಕವನ್ನು ಈಗ ತೋರುವ ಅಂಕಿಯಿಂದ ಭಾಗಿಸಿ, ಬಂದದ್ದೇ ಕಲ್ಲಿನ ಸಾಂದ್ರತೆ. 200 ಗ್ರಾಂ ಕಲ್ಲಿಗೆ 40 ತೋರಿದರೆ 5, ಬೊರ್ನೈಟ್ ಇರಬಹುದು. 48 ತೋರಿದರೆ 4.2ರ ಹತ್ತಿರ, ಚಾಲ್ಕೊಪೈರೈಟ್. ಬಿಳಿ ಬೆಣಚುಕಲ್ಲು ಅಂಟಿಕೊಂಡಿದ್ದರೆ ಈ ಲೆಕ್ಕ ನಂಬಬೇಡಿ, ಅದು ಸಾಂದ್ರತೆ ಇಳಿಸುತ್ತದೆ. ಗುಳ್ಳೆ ಕೂತಿದ್ದರೂ ಹಾಗೆಯೇ, ಅಲುಗಾಡಿಸಿ ಬಿಡಿಸಿ.

ಇನ್ನೊಂದು ಮಾತು: ದೇವರ ಪಾತ್ರೆಯೆಂದು ಹುಣಸೆಹಣ್ಣು, ನಿಂಬೆ ಹಾಕಿ ಉಜ್ಜಬೇಡಿ. ಬಣ್ಣದ ಪದರ ಕೆಡುತ್ತದೆ. ಒಣ ಮೆತ್ತನೆ ಬ್ರಷ್ ಸಾಕು.

ಪ್ರಶ್ನೆ: ಇದನ್ನು ರಾತ್ರಿ ನೀರಲ್ಲಿ ನೆನೆಸಿ ಕುಡಿದರೆ ಸಕ್ಕರೆ ಕಾಯಿಲೆ ಇಳಿಯುತ್ತದಂತೆ? (ಮದ್ದೂರು)

ಇಳಿಯುವುದಿಲ್ಲ. ಇದು ತಾಮ್ರದ ಚೊಂಬಲ್ಲ, ಗಂಧಕ ಸೇರಿದ ಅದಿರು. ತಾಮ್ರದ ಅದಿರಿನೊಟ್ಟಿಗೆ ಆರ್ಸೆನಿಕ್ ಇರುವ ಖನಿಜಗಳೂ ಬರುವುದುಂಟು. ಹೇಳಿಕೊಟ್ಟವರಿಗೇ ಮೊದಲು ಕುಡಿಸಿ ಎನ್ನುವಷ್ಟು ಸಿಟ್ಟು ಬರುತ್ತದೆ, ಆದರೆ ಅವರೂ ಕುಡಿಯುವುದು ಬೇಡ. ಕಲ್ಲು ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಬಾಯಿಗೆ ಸಿಗದಂತಿಡಿ, ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ.

ಪ್ರಶ್ನೆ: ಉಂಗುರಕ್ಕೆ ಕೂರಿಸಬಹುದೇ? (ಶ್ರೀರಂಗಪಟ್ಟಣ)

ಬೇಡ. ಕಾಠಿಣ್ಯ ಹತ್ತಕ್ಕೆ ಬರೀ 3, ಪಾತ್ರೆ ತೊಳೆಯುವಾಗಲೇ ಗೀರು ಬೀಳುತ್ತದೆ.

ಪ್ರಶ್ನೆ: ಮನೆಯಲ್ಲೇ ಕಾಯಿಸಿ ತಾಮ್ರ ತೆಗೆಯಬಹುದೇ? (ಮಂಡ್ಯ)

ಮೊದಲು ಏಳುವುದು ಸಲ್ಫರ್ ಡೈಆಕ್ಸೈಡ್ ಹೊಗೆ, ತಾಮ್ರವಲ್ಲ. ಒಲೆ ಹಚ್ಚಬೇಡಿ.