ಮಾತು ತಪ್ಪಿದ್ದಕ್ಕೋ, ಕೆಲಸ ಹೋದದ್ದಕ್ಕೋ?

ಕಳೆದ ಸಂಚಿಕೆಯಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಹಿರಿಯ ಜಾರ್ಜ್ ಬುಷ್ ಅವರ 1992ರ ಚುನಾವಣಾ ಸೋಲಿನ ಬಗ್ಗೆ ಬಂದ ಲೇಖನ ಓದಿ ಉಡುಪಿ ಕಡೆಯ ಹಿರಿಯ ಓದುಗರೊಬ್ಬರು ಮೂರು ಪುಟ ಬರೆದಿದ್ದಾರೆ. ತಿರುಳು ಇಷ್ಟು: "ತೆರಿಗೆ ಹಾಕುವುದಿಲ್ಲ ಎಂದು ಹೇಳಿ ಹಾಕಿದ್ದಕ್ಕೆ ಬುಷ್ ಸೋತರು ಎನ್ನುತ್ತೀರಿ. ಅವರು ಮಾತು ತಪ್ಪಿದ್ದು 1990ರಲ್ಲಿ. ಗ್ಯಾಲಪ್ ಸಮೀಕ್ಷೆಯಲ್ಲಿ ನೂರಕ್ಕೆ 89 ಜನ ಮೆಚ್ಚಿದ್ದು 1991ರಲ್ಲಿ. ನಿಮ್ಮ ಅಂಕಿಯೇ ನಿಮ್ಮ ವಾದಕ್ಕೆ ಅಡ್ಡ ನಿಂತಿದೆ. ಜನ ಕೆಲಸ ಕಳೆದುಕೊಂಡರು, ಓಟು ಹಾಕಲಿಲ್ಲ, ಅಷ್ಟೇ. ಇನ್ನು ಸ್ವಪಕ್ಷದ ಟೀಕಾಕಾರರನ್ನು ಹಟಮಾರಿಗಳು ಎಂದು ಕರೆದದ್ದು ನ್ಯಾಯವೇ?"

ಮಾನ್ಯರೇ,

ಮೊದಲು ನಮ್ಮ ತಪ್ಪು. ಆದಾಯ ತೆರಿಗೆಯ ಗರಿಷ್ಠ ದರ ಶೇಕಡಾ 28ರಿಂದ 33ಕ್ಕೆ ಏರಿತು ಎಂದು ಅಚ್ಚಾಗಿದೆ. ಏರಿದ್ದು 31ಕ್ಕೆ. ಪುಟ ನೋಡಿದವನು ನಾನೇ ಆದ್ದರಿಂದ ಬೇರೆ ಯಾರ ಮೇಲೂ ಹಾಕುವಂತಿಲ್ಲ.

ತಾರೀಖಿನ ವಿಷಯದಲ್ಲೂ ನಿಮ್ಮ ಮಾತು ಸರಿ. ಆದರೆ ಆ 89 ಯುದ್ಧದ ಅಂಕಿ. ಕುವೈತ್ ಬಿಡುಗಡೆಯಾದ ಬೆನ್ನಿಗೇ, 1991ರ ಮಾರ್ಚ್ ಆರಂಭದಲ್ಲಿ ಬಂದದ್ದು. ಅದಕ್ಕೂ ಐದು ತಿಂಗಳು ಹಿಂದೆ ಹೋಗಿ ನೋಡಿ: 1990ರ ಆಗಸ್ಟ್‌ನಲ್ಲಿ 70ರ ಮೇಲಿದ್ದ ಮೆಚ್ಚುಗೆ ಅಕ್ಟೋಬರ್‌ನಲ್ಲಿ 50ರ ಚಿಲ್ಲರೆಗೆ ಇಳಿದಿತ್ತು. ಆ ತಿಂಗಳು ವಾಷಿಂಗ್ಟನ್‌ನಲ್ಲಿ ನಡೆದದ್ದು ಬಜೆಟ್ ಜಗಳ. ಬಿರುಕು ಆಗಲೇ ಬಿದ್ದಿತ್ತು, ಯುದ್ಧ ಅದರ ಮೇಲೆ ಸುಣ್ಣ ಬಳಿಯಿತು.

ಆ ಜಗಳ ಶುರುವಾದದ್ದು ಒಂದು ಕಾಗದದಿಂದ. 1990ರ ಜೂನ್ 26ರಂದು ಶ್ವೇತಭವನದ ಪತ್ರಕರ್ತರ ಕೋಣೆಯ ನೋಟಿಸ್ ಬೋರ್ಡಿಗೆ ಒಂದು ಹೇಳಿಕೆ ಅಂಟಿಸಿದರು. ಭಾಷಣವಿಲ್ಲ, ಕ್ಯಾಮೆರಾ ಇಲ್ಲ. ಕೊರತೆ ತಗ್ಗಿಸಲು ಏನೇನು ಬೇಕು ಎಂಬ ಪಟ್ಟಿಯ ನಡುವೆ 'ತೆರಿಗೆ ಆದಾಯದ ಹೆಚ್ಚಳ' ಎಂಬ ಮಾತು ತೂರಿಕೊಂಡಿತ್ತು. ಎರಡು ವರ್ಷದ ಹಿಂದೆ, 1988ರ ಆಗಸ್ಟ್‌ನಲ್ಲಿ, ನ್ಯೂ ಆರ್ಲಿಯನ್ಸ್‌ನ ಪಕ್ಷದ ಸಮಾವೇಶದಲ್ಲಿ ಇದೇ ಮನುಷ್ಯ "ನನ್ನ ತುಟಿ ನೋಡಿಕೊಳ್ಳಿ: ಹೊಸ ತೆರಿಗೆ ಇಲ್ಲ" ಎಂದು ಇಡೀ ದೇಶಕ್ಕೆ ಕೇಳುವಂತೆ ಹೇಳಿದ್ದರು. ಅಷ್ಟು ದೊಡ್ಡ ದನಿಯಲ್ಲಿ ಕೊಟ್ಟ ಮಾತನ್ನು ಗೋಡೆಗೆ ಚೀಟಿ ಅಂಟಿಸಿ ವಾಪಸು ತೆಗೆದುಕೊಂಡರು. ನನ್ನನ್ನು ಕೇಳಿದರೆ ತೆರಿಗೆಗಿಂತ ಕೆಟ್ಟ ಕೆಲಸ ಇದು.

ಯಾಕೆ ತಪ್ಪಿದರು ಎಂಬುದಕ್ಕೆ ಕಾರಣ ಇತ್ತು. 1985ರ ಗ್ರಾಮ್-ರಡ್‌ಮನ್ ಕಾಯ್ದೆ ಪ್ರತಿ ವರ್ಷದ ಕೊರತೆಗೆ ಮಿತಿ ಹಾಕಿತ್ತು. ಮಿತಿ ಮೀರಿದರೆ ಕತ್ತರಿ ತಾನಾಗಿಯೇ ಆಡುತ್ತದೆ, ಸೈನ್ಯದ ಖರ್ಚಿಗೂ. 1991ರ ಸಾಲಿಗೆ ಮಿತಿ 64 ಶತಕೋಟಿ ಡಾಲರ್. 1990ರಲ್ಲೇ ಕೊರತೆ 221 ಶತಕೋಟಿ ಮುಟ್ಟಿತ್ತು. ಮುಳುಗಿದ ಉಳಿತಾಯ ಸಂಸ್ಥೆಗಳ ಠೇವಣಿದಾರರಿಗೆ ಸರ್ಕಾರವೇ ಹಣ ತುಂಬಿಕೊಡಬೇಕಾಗಿತ್ತು. ಸಂಸತ್ತಿನ ಎರಡೂ ಮನೆಗಳು ಎದುರು ಪಕ್ಷದ ಡೆಮಾಕ್ರಟರ ಕೈಯಲ್ಲಿ; ತೆರಿಗೆಯ ಮಾತಿಲ್ಲದೆ ಅವರು ಖರ್ಚು ಕಡಿತಕ್ಕೆ ಕೈ ಜೋಡಿಸುವವರಲ್ಲ. ಸಾಲದ್ದಕ್ಕೆ ಆಗಸ್ಟ್‌ 2ರಂದು ಇರಾಕ್ ಕುವೈತ್‌ಗೆ ನುಗ್ಗಿತು. ಜುಲೈ ಆರಂಭದಲ್ಲಿ ಬ್ಯಾರೆಲ್‌ಗೆ 20 ಡಾಲರ್ ಒಳಗಿದ್ದ ಕಚ್ಚಾ ತೈಲ ಅಕ್ಟೋಬರ್‌ಗೆ 40 ಮುಟ್ಟಿತು. ಆ ಹೊಡೆತ ನಮ್ಮ ಖಜಾನೆಗೂ ಬಿದ್ದು, ಮರುವರ್ಷ ಚಿನ್ನ ಅಡವಿಡುವ ಸ್ಥಿತಿ ಬಂದದ್ದು ನಿಮಗೆ ನೆನಪಿರಬೇಕು.

ಈಗ ನಿಮ್ಮ 'ಹಟಮಾರಿಗಳ' ವಿಷಯ. ಸಂಪ್ರದಾಯವಾದಿ ಎಂದರೆ ನಮ್ಮಲ್ಲಿ ಮಡಿ-ಮೈಲಿಗೆ ನೆನಪಾಗುತ್ತದೆ. ಅಲ್ಲಿನ ರಿಪಬ್ಲಿಕನ್, ಅಂದರೆ ಬುಷ್ ಪಕ್ಷದ, ಸಂಪ್ರದಾಯವಾದಿಗಳ ಮಡಿ ಇರುವುದು ತೆರಿಗೆಯಲ್ಲಿ. ಆದರೆ ಆ ಮಡಿಯೂ ಆಳು ನೋಡಿ ಸಡಿಲವಾಗುತ್ತದೆ. ಬುಷ್‌ಗೂ ಮುಂಚೆ ಅಧ್ಯಕ್ಷರಾಗಿದ್ದ ರೇಗನ್ 1981ರಲ್ಲಿ ತೆರಿಗೆ ಇಳಿಸಿ 1982ರಲ್ಲಿ ಒಂದಷ್ಟನ್ನು ಮತ್ತೆ ಏರಿಸಿದರು. ಇವರು ಗೊಣಗಿದರು, ಆದರೆ ಅವರನ್ನು ಬಿಟ್ಟುಕೊಡಲಿಲ್ಲ, ರೇಗನ್ ಮನೆಯ ಮಗ. ಬುಷ್ ಹಾಗಲ್ಲ. 1980ರಲ್ಲಿ ಉಮೇದುವಾರಿಕೆಗೆ ಸ್ಪರ್ಧಿಸುವಾಗ ರೇಗನ್‌ರ ಅರ್ಥನೀತಿಯನ್ನು 'ವೂಡೂ' ಎಂದು, ಅಂದರೆ ಮಾಟಮಂತ್ರ ಎಂದು, ಹಂಗಿಸಿದವರು ಅವರೇ. ಆ ಮಾತನ್ನು ಯಾರೂ ಮರೆತಿರಲಿಲ್ಲ. 'ಹೊಸ ತೆರಿಗೆ ಇಲ್ಲ' ಎಂಬುದು ಅವರು ಮನೆಯೊಳಗೆ ಬರಲು ಕೊಟ್ಟ ಮುಚ್ಚಳಿಕೆ ಎಂದೇ ಇವರ ಲೆಕ್ಕ.

ಸೆಪ್ಟೆಂಬರ್ 30ರಂದು ಎರಡೂ ಪಕ್ಷಗಳ ನಾಯಕರು ಶ್ವೇತಭವನದ ಗುಲಾಬಿ ತೋಟದಲ್ಲಿ ಸಾಲಾಗಿ ನಿಂತು ಒಪ್ಪಂದ ಘೋಷಿಸಿದರು. ಕೆಳಮನೆಯ ರಿಪಬ್ಲಿಕನ್ ವಿಪ್ ನ್ಯೂಟ್ ಗಿಂಗ್ರಿಚ್ ಆ ಸಾಲಿನಲ್ಲಿರಲಿಲ್ಲ. ಮಾತುಕತೆಯಲ್ಲಿ ಕೂತಿದ್ದವರು, ಫೋಟೋಗೆ ನಿಲ್ಲದೆ ಎದ್ದು ನಡೆದರು. ಅಕ್ಟೋಬರ್ 5ರ ನಸುಕಿನಲ್ಲಿ ಮತ ಹಾಕಿದಾಗ ಒಪ್ಪಂದ 179–254ರಿಂದ ಬಿತ್ತು. ಅಧ್ಯಕ್ಷರ ಪಕ್ಷದ 105 ಸದಸ್ಯರೇ ವಿರುದ್ಧ, 71 ಮಂದಿ ಪರ.

ನಮ್ಮ ಲೇಖಕರು ಓಡಿಸಿಕೊಂಡು ಹೋದ ಜಾಗ ಇದು, ಸ್ವಲ್ಪ ನಿಲ್ಲೋಣ. ಬಿದ್ದುಹೋದ ಆ ಮೊದಲ ಒಪ್ಪಂದದಲ್ಲಿ ಆದಾಯ ತೆರಿಗೆಯ ದರ ಏರಿಕೆ ಇರಲೇ ಇಲ್ಲ. ಪೆಟ್ರೋಲ್ ತೆರಿಗೆ ಇತ್ತು, ವೃದ್ಧರ ವೈದ್ಯಕೀಯ ವಿಮೆಯ ಕಂತು ಏರುವುದಿತ್ತು. ಅದು ಬಿದ್ದ ಮೇಲೆ ಬುಷ್‌ಗೆ ತಮ್ಮವರ ಓಟಿನ ಭರವಸೆ ಹೋಯಿತು. ಡೆಮಾಕ್ರಟರ ಮನೆಬಾಗಿಲಿಗೇ ಹೋಗಬೇಕಾಯಿತು. ಅವರು ತಮ್ಮ ಬೆಲೆ ಕೇಳಿದರು: ಶ್ರೀಮಂತರ ದರ 31. ನವೆಂಬರ್ 5ರಂದು ಬುಷ್ ಸಹಿ ಹಾಕಿದ್ದು ಆ ಎರಡನೆಯ ಮಸೂದೆಗೆ. ತೆರಿಗೆ ಬೇಡವೆಂದು ಬಂಡೆದ್ದವರ ಕೈಯಿಂದಲೇ ಹೆಚ್ಚಿನ ತೆರಿಗೆ ಬಂತು. ಹಟಮಾರಿ ಎಂಬ ಪದ ನಾನು ಹೊಡೆದುಹಾಕದೆ ಬಿಟ್ಟದ್ದು ಈ ಕಾರಣಕ್ಕೆ.

ನಡುವೆ ಮೂರು ದಿನ ಸರ್ಕಾರವೇ ಬಾಗಿಲು ಹಾಕಿತು, ವಾಷಿಂಗ್ಟನ್ ನೋಡಲು ಬಂದವರು ಮ್ಯೂಸಿಯಂ ಬಾಗಿಲಿನಿಂದ ವಾಪಸಾದರು. ಅದೇ ವಾರ ಫ್ಲಾರಿಡಾದಲ್ಲಿ ಜಾಗಿಂಗ್ ಮಾಡುತ್ತಿದ್ದ ಬುಷ್‌ರನ್ನು ಪತ್ರಕರ್ತರು ತೆರಿಗೆಯ ಬಗ್ಗೆ ಕೇಳಿದರೆ, ಓಡುತ್ತಲೇ ಹಿಂಭಾಗ ತೋರಿಸಿ "ರೀಡ್ ಮೈ ಹಿಪ್ಸ್" ಎಂದುಬಿಟ್ಟರು. ತುಟಿಯಲ್ಲ, ಸೊಂಟ ನೋಡಿ! ತಮಾಷೆಯೇ ಇರಬಹುದು. ಆದರೆ ಚುನಾವಣೆಗೆ ನಿಂತ ಅವರ ಪಕ್ಷದವರಿಗೆ ನಗು ಬರಲಿಲ್ಲ. ವರ್ಮಾಂಟ್‌ನ ಸಂಸದ ಪೀಟರ್ ಸ್ಮಿತ್, ತನ್ನ ಪ್ರಚಾರಕ್ಕೆಂದೇ ಬಂದ ಅಧ್ಯಕ್ಷರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಅವರ ಬಜೆಟ್ ನೀತಿಯನ್ನು ಟೀಕಿಸಿದರು. ಫಲ ಸಿಗಲಿಲ್ಲ. ಗೆದ್ದವರು ಸಮಾಜವಾದಿ ಬರ್ನಿ ಸ್ಯಾಂಡರ್ಸ್!

ಟೀಕಾಕಾರರ ಪರವಾಗಿಯೂ ಹೇಳಬೇಕಾದ್ದಿದೆ. ಹಿಂಜರಿತದ ಬಾಯಲ್ಲಿ ತೆರಿಗೆ ಏರಿಸಬಾರದು ಎಂಬುದು ಅವರ ವಾದ. ಹಿಂಜರಿತ 1990ರ ಜುಲೈಗೇ ಶುರುವಾಗಿತ್ತು ಎಂದು ಆಮೇಲೆ ಲೆಕ್ಕ ಸಿಕ್ಕಿತು. ಒಂದು ಲಕ್ಷ ಡಾಲರ್ ಮೀರಿದ ವಿಹಾರದೋಣಿಗಳ ಮೇಲೆ ಹಾಕಿದ ಶೇಕಡಾ 10ರ ತೆರಿಗೆ ನೋಡಿ. ಶ್ರೀಮಂತರು ದೋಣಿ ಕೊಳ್ಳುವುದನ್ನು ಮುಂದೆ ಹಾಕಿದರು, ದೋಣಿ ಕಟ್ಟುವ ಬಡಗಿಗಳ ಕೆಲಸ ಹೋಯಿತು. 1993ರಲ್ಲಿ ಅದನ್ನು ರದ್ದು ಮಾಡಿದರು. ಇಷ್ಟರಮಟ್ಟಿಗೆ ಅವರು ಹಟಮಾರಿಗಳಲ್ಲ, ಸರಿಯಾಗಿಯೇ ಹೇಳಿದವರು.

ಇನ್ನು ಕೆಲಸ ಕಳೆದುಕೊಂಡವರು. 1992ರ ಜೂನ್‌ನಲ್ಲಿ ನಿರುದ್ಯೋಗ ಶೇಕಡಾ 7.8 ಇತ್ತು, ಜುಲೈ ಕೊನೆಗೆ ಮೆಚ್ಚುಗೆ 29. ನಿಮ್ಮ ವಾದಕ್ಕೆ ಇಲ್ಲಿ ಪೂರ್ತಿ ಬಲವಿದೆ. ನಾನು ಕೇಳುವುದು ಬೇರೆ: ಕಷ್ಟ ಬಂದಾಗ ಆ ಅಧ್ಯಕ್ಷರ ನೀತಿಯ ಪರ ಮಾತಾಡಲು ಯಾರಿದ್ದರು? 1982ರಲ್ಲಿ ನಿರುದ್ಯೋಗ ಶೇಕಡಾ 10 ದಾಟಿತ್ತು. "ಹಿಡಿದ ದಾರಿ ಬಿಡಬೇಡಿ" ಎನ್ನಲು ರೇಗನ್ ಹಿಂದೆ ಒಂದು ಪಡೆಯೇ ಇತ್ತು. ಬುಷ್ 1991ರ ನವೆಂಬರ್‌ನಲ್ಲಿ ಮೇರಿಲ್ಯಾಂಡ್‌ನ ಮಾಲ್ ಒಂದಕ್ಕೆ ಹೋಗಿ, ಜನರೂ ಖರ್ಚು ಮಾಡಲಿ ಎಂದು ಕಾಲುಚೀಲ ಕೊಂಡು ತೋರಿಸಿದರು. ಅವರ ಅರ್ಥನೀತಿ ಏನೆಂದು ಕೇಳಿದರೆ ಜನರಿಗೆ ಕಾಣುತ್ತಿದ್ದದ್ದು ಆ ಕಾಲುಚೀಲ ಮಾತ್ರ.

ಡಿಸೆಂಬರ್‌ನಲ್ಲಿ ಸಂಪ್ರದಾಯವಾದಿ ಅಂಕಣಕಾರ ಪ್ಯಾಟ್ ಬ್ಯುಕ್ಯಾನನ್ ಉಮೇದುವಾರಿಕೆಗಾಗಿ ಪಕ್ಷದೊಳಗಿನಿಂದಲೇ ಬುಷ್ ಎದುರು ಎದ್ದು ನಿಂತರು. ನ್ಯೂ ಹ್ಯಾಂಪ್‌ಶೈರ್‌ನ ಟೀವಿಗಳಲ್ಲಿ ಆ ತುಟಿಯ ಮಾತನ್ನು ಮತ್ತೆ ಮತ್ತೆ ಓಡಿಸಿದರು. ಅಲ್ಲಿ ಪಕ್ಷದ ಉಮೇದುವಾರರನ್ನು ಆರಿಸುವ ಮತದಾನದಲ್ಲಿ ಹಾಲಿ ಅಧ್ಯಕ್ಷರ ಎದುರು ಅವರಿಗೆ ಶೇಕಡಾ 37 ಓಟು ಬಂತು. ಅದಾದ ಎರಡೇ ವಾರಕ್ಕೆ, ಜಾರ್ಜಿಯಾದ ಮತದಾನದ ಹೊತ್ತಿಗೆ, ತೆರಿಗೆ ಒಪ್ಪಿದ್ದು ತಪ್ಪಾಯಿತು ಎಂದು ಬುಷ್ ಸ್ವತಃ ಹೇಳಿದರು. ನನ್ನ ಪ್ರಕಾರ ಸೋಲು ಖಾಯಂ ಆದದ್ದು ಅಲ್ಲಿ. ಮಾತು ತಪ್ಪಿದ್ದನ್ನು ಜನ ಹೇಗೋ ನುಂಗಿಕೊಂಡಿದ್ದರು. ಯಾತಕ್ಕಾಗಿ ತಪ್ಪಿದರೋ ಅದನ್ನೂ ಅವರು ಕೈಬಿಟ್ಟಾಗ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ.

ತೆರಿಗೆಯೇ ಮುಖ್ಯವಾಗಿದ್ದರೆ 1992ರಲ್ಲಿ ಪಕ್ಷೇತರರಾಗಿ ಅಧ್ಯಕ್ಷ ಪದವಿಗೆ ನಿಂತ ರಾಸ್ ಪೆರೋ ಕತೆ ಅರ್ಥವಾಗುವುದಿಲ್ಲ. ಪೆಟ್ರೋಲ್ ತೆರಿಗೆಯನ್ನು ಗ್ಯಾಲನ್‌ಗೆ 50 ಸೆಂಟ್ ಏರಿಸಿ ಕೊರತೆ ತುಂಬಿಸುತ್ತೇನೆ ಎಂದು ಬಾಯಿಬಿಟ್ಟು ಹೇಳಿದ ಆ ಮನುಷ್ಯನಿಗೆ ಶೇಕಡಾ 19ರಷ್ಟು ಓಟು ಬಿತ್ತು. ಬುಷ್ ಏರಿಸಿದ್ದು 5 ಸೆಂಟ್. ಗೆದ್ದ ಡೆಮಾಕ್ರಟ್ ಕ್ಲಿಂಟನ್‌ಗೆ ಶೇಕಡಾ 43, ಬುಷ್‌ಗೆ 37. ಹಿಂಜರಿತ 1991ರ ಮಾರ್ಚ್‌ನಲ್ಲೇ ಮುಗಿದಿತ್ತು ಎಂದು ಅರ್ಥಶಾಸ್ತ್ರಜ್ಞರ ಸಮಿತಿ ಅಧಿಕೃತವಾಗಿ ಸಾರಿದ್ದು ಚುನಾವಣೆ ಮುಗಿದು ಏಳು ವಾರಕ್ಕೆ. 1998ರಿಂದ ನಾಲ್ಕು ವರ್ಷ ಬಜೆಟ್‌ನಲ್ಲಿ ಮಿಗತೆಯೇ ಬಂತು; ಅದರಲ್ಲಿ 1990ರ ಕಾಯ್ದೆಯ ಪಾಲೂ ಇತ್ತು. ಕೆನಡಿ ಹೆಸರಿನ ಧೈರ್ಯದ ಪ್ರಶಸ್ತಿಯನ್ನು ಆ ಬಜೆಟ್‌ಗಾಗಿ ಬುಷ್‌ಗೆ ಕೊಟ್ಟಾಗ 2014 ಆಗಿತ್ತು, ಅವರಿಗೆ 89 ವರ್ಷ. ನಿಮ್ಮ ಪತ್ರದ ಅಂಕಿಯೂ ಅದೇ.

ಕೊನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ನೀವು ಬರೆದದ್ದನ್ನು ಓದಿದೆ: ಆ ಆಗಸ್ಟ್‌ನಲ್ಲಿ ನೀವು ಕುವೈತ್‌ನಲ್ಲೇ ಇದ್ದಿರಿ, ಬಸ್ಸು ಹಿಡಿದು ಅಮ್ಮಾನ್‌ ಸೇರಿ ಏರ್ ಇಂಡಿಯಾ ವಿಮಾನ ಹತ್ತಿ ಬಂದಿರಿ. ಅದನ್ನು ಅಂಚಿನಲ್ಲಿ ಬರೆದರೆ ಹೇಗೆ? ವಿವರವಾಗಿ ಬರೆದು ಕಳಿಸಿ, ಹಾಳೆಯ ಒಂದೇ ಮಗ್ಗುಲಿಗೆ. ನಾಲ್ಕು ಪುಟ ಬಿಟ್ಟಿರುತ್ತೇನೆ.

— ಸಂಪಾದಕ