ಗಾಢ ನಿದ್ದೆಯಲ್ಲಿ ಅರಿವು ಎಲ್ಲಿರುತ್ತದೆ?

ಪ್ರಶ್ನೆ: ಅರಿವು ಎಂದೂ ಅಳಿಯದು, ನಾನು ಅಂದರೆ ಅದೇ ಅನ್ನುತ್ತದೆ ಅದ್ವೈತ. ಆದರೆ ಗಾಢ ನಿದ್ದೆಯಲ್ಲಿ ನಾನಿದ್ದೇನೆ ಅನ್ನುವುದೂ ಗೊತ್ತಿರುವುದಿಲ್ಲ. ಆಪರೇಷನ್‌ಗೆ ಅರಿವಳಿಕೆ ಕೊಟ್ಟಾಗಲೂ ಅಷ್ಟೇ. ಆಗ ಆ ಅರಿವು ಎಲ್ಲಿತ್ತು?

ಉತ್ತರ: ಇದನ್ನು ನಿಮಗಿಂತ ಮೊದಲು ಇಂದ್ರನೇ ಕೇಳಿದ್ದಾನೆ. ಕನಸೂ ಇಲ್ಲದ ನಿದ್ದೆಯಲ್ಲಿರುವವನೇ ಆತ್ಮ ಎಂದು ಛಾಂದೋಗ್ಯ ಉಪನಿಷತ್ತಿನಲ್ಲಿ ಪ್ರಜಾಪತಿ ಅವನಿಗೆ ಹೇಳುತ್ತಾನೆ. ಇಂದ್ರ ಒಪ್ಪಿ ಹೊರಟವನು ದಾರಿಯಿಂದಲೇ ವಾಪಸ್ ಬರುತ್ತಾನೆ. ಅಲ್ಲಿ ತನ್ನ ಗುರುತು ತನಗೇ ಇಲ್ಲ, ನಾಶವಾದ ಹಾಗೇ ಅಲ್ವಾ ಅನ್ನುವುದು ಅವನ ತಕರಾರು. ಪ್ರಜಾಪತಿ ಬೈಯುವುದಿಲ್ಲ, ಇನ್ನೂ 5 ವರ್ಷ ಇರು ಅನ್ನುತ್ತಾನೆ. ಅಷ್ಟರಲ್ಲಾಗಲೇ ಇಂದ್ರ ಅಲ್ಲಿ ಶಿಷ್ಯನಾಗಿ 96 ವರ್ಷ ಕಳೆದಿದ್ದ!

ನೇರ ಉತ್ತರ ಬೃಹದಾರಣ್ಯಕ ಉಪನಿಷತ್ತಿನಲ್ಲಿದೆ. ನಿದ್ದೆಯಲ್ಲಿ ಏನೂ ಕಾಣದಿರುವುದು ನೋಟ ಹೋಗಿದೆ ಅಂತಲ್ಲ, ನೋಡಲು ತನ್ನಿಂದ ಬೇರೆಯಾದ ಎರಡನೆಯದು ಇಲ್ಲ ಅಂತ ಅನ್ನುತ್ತಾನೆ ಅಲ್ಲಿ ಋಷಿ ಯಾಜ್ಞವಲ್ಕ್ಯ. ‘ನಾನು ಇದನ್ನು ನೋಡಿದೆ’ ಅನ್ನುವುದು ಮನಸ್ಸಿನ ಕೆಲಸ. ನಿದ್ದೆಯಲ್ಲಿ ಮನಸ್ಸು ಅಡಗುತ್ತದೆ, ಅದರ ಜೊತೆ ಈ ‘ನಾನು’ ಕೂಡ. ಮನಸ್ಸನ್ನೇ ಬೆಳಗುವ ಅರಿವು ಅಡಗುವುದಿಲ್ಲ. ಶೃಂಗೇರಿಯ ವಿದ್ಯಾರಣ್ಯರ ಅದ್ವೈತ ಗ್ರಂಥ ಪಂಚದಶಿ ಇದನ್ನು ರಂಗದ ದೀಪಕ್ಕೆ ಹೋಲಿಸುತ್ತದೆ. ನರ್ತಕಿ, ಸಭಿಕರು ಎಲ್ಲ ಎದ್ದುಹೋದರೂ ಅದು ಉರಿಯುತ್ತಲೇ ಇರುತ್ತದೆ.

ಪುರಾವೆ ಏನು ಅಂತ ಕೇಳುತ್ತೀರಿ. ಎದ್ದ ಮೇಲೆ ‘ಸುಖವಾಗಿ ಮಲಗಿದ್ದೆ, ಏನೂ ಗೊತ್ತಾಗಲಿಲ್ಲ’ ಅನ್ನುತ್ತೇವೆ. ಇದು ನೆನಪು, ಅನುಭವ ಇಲ್ಲದೆ ನೆನಪು ಬರದು ಅನ್ನುವುದು ಪಂಚದಶಿಯ ವಾದ. ತರ್ಕಕ್ಕೆ ಹೆಸರಾದ ನ್ಯಾಯ ದರ್ಶನದವರು ಇದನ್ನು ಸುತರಾಂ ಒಪ್ಪುವುದಿಲ್ಲ. ಅವರ ಪ್ರಕಾರ ಅದು ನೆನಪಲ್ಲ, ಎದ್ದ ಮೇಲೆ ಮಾಡಿದ ಊಹೆ. ಮೈ ಹಗುರಾಗಿದೆ, ಹಾಗಾಗಿ ಚೆನ್ನಾಗಿ ನಿದ್ದೆ ಬಂದಿರಬೇಕು, ಅಷ್ಟೇ. ಈ ಆಕ್ಷೇಪ ಗಟ್ಟಿಯಾಗಿದೆ. ನೆನಪಿನ ವಾದವೊಂದನ್ನೇ ನಂಬಿ ಅದ್ವೈತ ಗೆಲ್ಲುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ನಿದ್ದೆಯಲ್ಲಿ ಅಜ್ಞಾನ ಇರುತ್ತದೆಯೇ ಅನ್ನುವುದರಲ್ಲೂ ಅದ್ವೈತಿಗಳಿಗೆ ಒಮ್ಮತವಿಲ್ಲ. ಕಳೆದ ಶತಮಾನದ ಅದ್ವೈತ ವಿದ್ವಾಂಸ, ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತಿಗಳು ಈ ವಿಷಯದಲ್ಲಿ ಶಂಕರರ ನಂತರದ ವ್ಯಾಖ್ಯಾನಕಾರರನ್ನೇ ಎದುರು ಹಾಕಿಕೊಂಡರು.

ಇನ್ನು ಅರಿವಳಿಕೆ. ಅದರ ಮಾತು ಹಳಬರಲ್ಲಿ ಎಲ್ಲಿಂದ ಬರಬೇಕು! ಆದರೆ ವೇದಾಂತದ ಮೂಲ ಗ್ರಂಥಗಳಲ್ಲೊಂದಾದ ಬ್ರಹ್ಮಸೂತ್ರದಲ್ಲಿ (3.2.10) ಮೂರ್ಛೆಗೇ ಒಂದು ಸೂತ್ರವಿದೆ. ಅದು ಎಚ್ಚರವಲ್ಲ, ಕನಸಲ್ಲ, ಪೂರ್ತಿ ನಿದ್ದೆಯೂ ಅಲ್ಲ, ಅರ್ಧ ಮಾತ್ರ. ಮಲಗಿದವನು ತಟ್ಟಿದರೆ ಏಳುತ್ತಾನೆ, ಮೂರ್ಛೆ ಹೋದವನು ಕೊಡತಿಯಿಂದ ಹೊಡೆದರೂ ಏಳುವುದಿಲ್ಲ ಅನ್ನುತ್ತಾರೆ ಅದರ ಭಾಷ್ಯದಲ್ಲಿ ಶಂಕರರು. ನಿಮ್ಮ ಅನುಭವ ಈ ಸಾಲಿಗೇ ಸೇರುತ್ತದೆ. ಅಲ್ಲಿಂದ ಎದ್ದವರು ‘ಸುಖವಾಗಿತ್ತು’ ಅನ್ನುವುದು ಕಡಿಮೆ, ಹಾಗಾಗಿ ನೆನಪಿನ ವಾದ ಅಲ್ಲಿ ಇನ್ನೂ ಸೊರಗುತ್ತದೆ. ಆಗ ಅದ್ವೈತಿಯ ಕೈಯಲ್ಲಿ ಉಳಿಯುವುದು ಯಾಜ್ಞವಲ್ಕ್ಯನ ಮಾತೇ: ನೋಟ ಹೋಗಿಲ್ಲ, ನೋಡಲು ಎರಡನೆಯದು ಇಲ್ಲ.